ಅಡಗೂಲಜ್ಜಿ ಯಾರು, ಅವಳ ಕಥೆ ಸುಳ್ಳು ಅಂತ ಆಗಿದ್ದು ಹೇಗೆ?

ಪ್ರಶ್ನೆ: ನಮಸ್ಕಾರ. ಆಫೀಸಲ್ಲಿ ಒಂದು ಕೆಲಸ ಲೇಟಾಯ್ತು, ಯಾಕೆ ಅಂತ ವಿವರಿಸೋಕೆ ಹೋದ್ರೆ ಮ್ಯಾನೇಜರ್ "ಈ ಅಡಗೂಲಜ್ಜಿ ಕಥೆ ಎಲ್ಲ ಬೇಡಪ್ಪ" ಅಂದ್ರು. ಮನೆಗೆ ಬಂದು ಹೆಂಡ್ತಿ ಹತ್ರ ಇದನ್ನ ಹೇಳ್ತಿದ್ದಾಗ ಏಳು ವರ್ಷದ ಮಗಳು "ಅಪ್ಪ, ಅಡಗೂಲಜ್ಜಿ ಅಂದ್ರೆ ಯಾರ ಅಜ್ಜಿ?" ಅಂದ್ಲು. ನನಗೂ ಗೊತ್ತಿಲ್ಲ. "ಎಲ್ಲೋ ಅಡಗಿ ಕೂತಿರೋ ಅಜ್ಜಿ" ಅಂತ ಹೇಳಿ ತಪ್ಪಿಸ್ಕೊಂಡೆ. ಪದ ಎಲ್ಲಿಂದ ಬಂತು, ಅಡಗೂಲಜ್ಜಿ ಸರೀನಾ ಅಡುಗೂಲಜ್ಜಿ ಸರೀನಾ, ಅವಳ ಕಥೆ ಅಂದ್ರೆ ಸುಳ್ಳು ಅಂತ ಯಾಕೆ ಅರ್ಥ ಬಂತು?

ಉತ್ತರ: ಮೊದಲು ಮಗಳಿಗೆ ಹೇಳಿದ್ದನ್ನ ವಾಪಸ್ ತಗೊಳ್ಳಿ. ಅಡಗೂಲಜ್ಜಿ ಎಲ್ಲೂ ಅಡಗಿ ಕೂತಿಲ್ಲ, ಊರ ಬಾಗಿಲ ಹತ್ರಾನೇ, ಬಂದೋರಿಗೆಲ್ಲ ಮೊದಲು ಕಾಣೋ ಜಾಗದಲ್ಲಿ ಒಲೆ ಹಚ್ಕೊಂಡು ಕೂತಿದ್ದಾಳೆ, ಅವಳ ಕೆಲಸಾನೇ ಅದು. ಇನ್ನು ಕೆಲವರು ಅಡಗು ಅಂದ್ರೆ ಹಳಗನ್ನಡದಲ್ಲಿ ಮಾಂಸ, ಹಾಗಾಗಿ ಮಾಂಸ ಬೇಯಿಸೋ ಅಜ್ಜಿ ಅಂತಾರೆ. ಅಡಗು ಅಂದ್ರೆ ಮಾಂಸ ಅನ್ನೋದೇನೋ ನಿಜ, ಆದ್ರೆ ಆಮೇಲೆ ಉಳಿಯೋ "ಊಲಜ್ಜಿ"ನ ಏನ್ ಮಾಡ್ತೀರಿ, ಅದಕ್ಕೆ ಅರ್ಥ ಇಲ್ಲ. ಪದ ಒಡೆಯುವಾಗ ಒಂದು ತುಂಡು ಚೆನ್ನಾಗಿ ಕೂತ್ಕೊಂಡು ಇನ್ನೊಂದು ತುಂಡು ಕೈಲಿ ಉಳೀತು ಅಂದ್ರೆ ಒಡೆದಿದ್ದೇ ತಪ್ಪು ಜಾಗದಲ್ಲಿ ಅಂತ.

ಸರಿಯಾದ ಜಾಗ ಅಂದ್ರೆ ಅಡು. ಅಡು ಅಂದ್ರೆ ಬೇಯಿಸು, ಅಡುಗೆ ಮಾಡು. ಈಗ ನಾವು ಈ ಕ್ರಿಯಾಪದಾನ ಒಂಟಿಯಾಗಿ ಬಳಸೋದು ಕಮ್ಮಿ, "ಅನ್ನ ಅಟ್ಟೆ" ಅಂತ ಬೆಂಗಳೂರಲ್ಲಿ ಯಾರಾದ್ರೂ ಅಂದ್ರೆ ಜನ ತಿರುಗಿ ನೋಡ್ತಾರೆ. ಆದ್ರೆ ಅಡುಗೆ ಅನ್ನೋ ಪದದೊಳಗೆ ಅದು ದಿನಾ ಉಸಿರಾಡ್ತಾ ಇದೆ, "ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು" ಅನ್ನೋ ಗಾದೇಲೂ ಇದೆ. ಅಲ್ಲಿರೋ ಅಟ್ಟ ಮನೆ ಮೇಲಿನ ಅಟ್ಟ ಅಲ್ಲ, ಅಡುಗೆ ಆಗಿ ಹೋದ್ಮೇಲೆ ಒಲೆ ಚೆನ್ನಾಗಿ ಉರೀತು ಅಂತ. ಕ್ಲಾಸಲ್ಲಿ ಈ ಗಾದೆಗೆ ಅರ್ಥ ಕೇಳಿದ್ರೆ ಪ್ರತಿ ವರ್ಷ ಒಬ್ಬನಾದ್ರೂ "ಅಟ್ಟದ ಮೇಲೆ ಒಲೆ ಇಟ್ಟಿದ್ರು ಸಾರ್" ಅನ್ನೋನು, ನಗೋಕೂ ಆಗ್ದೆ ಬಯ್ಯೋಕೂ ಆಗ್ದೆ ಕೂತಿರ್ತಿದ್ದೆ. ತಮಿಳಲ್ಲಿ ಒಲೆಗೆ ಅಡುಪ್ಪು ಅಂತಾರಲ್ಲ, ಅದೂ ಇದೇ ಮನೆತನದ್ದು.

ಎರಡನೇ ತುಂಡೇ ತಕರಾರಿನದ್ದು. ಅಡು ಜೊತೆ ಸೇರಿರೋದು ಕೂಲಿನಾ, ಕೂಳಾ? ಎರಡಕ್ಕೂ ವ್ಯಾಕರಣದ ದಾರಿ ಸುಗಮವಾಗೇ ಇದೆ. ಸುಡು ಜೊತೆ ಕಾಡು ಸೇರಿದ್ರೆ ಸುಡುಗಾಡು, ಹುರಿ ಜೊತೆ ಕಡಲೆ ಸೇರಿದ್ರೆ ಹುರಿಗಡಲೆ, ಹಾಗೇ ಅಡು ಜೊತೆ ಕೂಲಿ ಸೇರಿದ್ರೆ ಅಡುಗೂಲಿ. ಕ ಹೋಗಿ ಗ ಬರೋದು ಆದೇಶ ಸಂಧಿ, ಹೈಸ್ಕೂಲಲ್ಲಿ ಬೆಟ್ಟದಾವರೆ ಅಂತ ಉರು ಹೊಡೆದಿದ್ದು ನೆನಪಿರಬೇಕಲ್ಲ, ಅದೇ. ಅಡುಗೂಲಿಗೆ ಅಜ್ಜಿ ಸೇರಿದಾಗ ನಡುವಿನ ಇಕಾರ ಬಿದ್ದು ಹೋಗುತ್ತೆ, ಅಲ್ಲಿ ಅಲ್ಲಿ ಸೇರಿ ಅಲ್ಲಲ್ಲಿ ಆಗೋ ಥರ. ಅಡುಗೂಲಜ್ಜಿ ರೆಡಿ. ಅರ್ಥ: ಅಡುಗೆ ಮಾಡಿ ಹಾಕಿ ಅದಕ್ಕೆ ಕೂಲಿ ತಗೊಳ್ಳೋ ಅಜ್ಜಿ.

ಇನ್ನೊಂದು ದಾರಿ ಕೂಳು. ಈಗ ಕೂಳು ಅಂದ್ರೆ ಬೈಗುಳದ ಪದ ಆಗ್ಬಿಟ್ಟಿದೆ, "ಕೂಳಿಗೆ ದಂಡ ಭೂಮಿಗೆ ಭಾರ" ಅಂತ ಸೋಮಾರಿ ಮಕ್ಕಳಿಗೆ ಬಯ್ಯೋಕೆ ಮಾತ್ರ ಈಚೆ ತೆಗೀತೀವಿ, ಹಳಗನ್ನಡದಲ್ಲಿ ಅದು ಮರ್ಯಾದಸ್ಥ ಪದ, ಊಟ ಅಷ್ಟೆ. ತಮಿಳರು ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡೀಲಿ ಕಾಯಿಸಿ ಹಂಚೋ ಗಂಜಿಗೂ ಇದೇ ಪದ. ಇದರ ಪ್ರಕಾರ ಅಡುಗೂಳಜ್ಜಿ ಅಂದ್ರೆ ಕೂಳು ಬೇಯಿಸೋ ಅಜ್ಜಿ. ಇದಕ್ಕೆ ಬಲವಾದ ಸಾಕ್ಷಿ ಪಕ್ಕದ ಮನೇಲಿದೆ. ತೆಲುಗಿನಲ್ಲಿ ದುಡ್ಡಿಗೆ ಊಟ ಹಾಕೋ ಹೆಂಗಸಿಗೆ ಪೂಟಕೂಳ್ಳಮ್ಮ ಅಂತ ಹೆಸರು. ಪೂಟ ಅಂದ್ರೆ ಹೊತ್ತು, ಕೂಡು ಅಂದ್ರೆ ಊಟ, ಅದರ ಬಹುವಚನ ಕೂಳ್ಳು. ಹೊತ್ತಿನ ಊಟ ಹಾಕೋ ಅಮ್ಮ. ಗುರಜಾಡ ಅಪ್ಪಾರಾವ್ ಅವರ ಕನ್ಯಾಶುಲ್ಕಂ ನಾಟಕದಲ್ಲಿ, 1897ರಲ್ಲಿ ಅಚ್ಚಾಗಿದ್ದು ಅದು, ಪೂಟಕೂಳ್ಳಮ್ಮ ಅಂತಾನೇ ಒಂದು ಪಾತ್ರ ಇದೆ, ಪೊರಕೆ ಹಿಡಿದು ಬರೋವಂಥ ಗಟ್ಟಿಗಿತ್ತಿ.

ಹಾಗಾದ್ರೆ ಯಾವುದು ಸರಿ? ನನ್ನನ್ನ ಕೇಳಿದ್ರೆ ತಲೆ ಕೂಲಿ ಕಡೆ ವಾಲುತ್ತೆ, ಯಾಕಂದ್ರೆ ಜನರ ಬಾಯಲ್ಲಿ ಉಳಿದಿರೋದು ಬಹುಪಾಲು ಲ, ಳ ಅಲ್ಲ. ಳ ಹೋಗಿ ಲ ಆಗೋದು ಇಲ್ಲ ಅಂತಲ್ಲ, ಮಕ್ಕಳು ಹಾಗೇ ಮಾತಾಡ್ತಾರೆ, ಕೆಲವು ಕಡೆ ದೊಡ್ಡೋರೂ ಮಾತಾಡ್ತಾರೆ, ಆದ್ರೂ ಲ ಇರೋ ಪದಕ್ಕೆ ಲ ಇರೋ ಮೂಲ ಸಿಗ್ತಿರುವಾಗ ಸುತ್ತಿ ಬಳಸಿ ಹೋಗೋದ್ಯಾಕೆ. ಮನಸ್ಸು ಮಾತ್ರ ಪೂಟಕೂಳ್ಳಮ್ಮನ ನೋಡಿದಾಗೆಲ್ಲ ಕೂಳಿನ ಕಡೆ ಎಳೆಯುತ್ತೆ. ಒಳ್ಳೇದು ಏನಂದ್ರೆ ಎರಡು ದಾರೀನೂ ಹೋಗಿ ನಿಲ್ಲೋದು ಒಂದೇ ಗುಡಿಸಲ ಮುಂದೆ: ಹೊರಗಿನಿಂದ ಬಂದೋರಿಗೆ ಅನ್ನ ಬೇಯಿಸಿ ಹಾಕಿ ಜೀವನ ಮಾಡೋ ಒಂಟಿ ಮುದುಕಿ. ಹೋಟೆಲ್ ಅನ್ನೋದು ಇಲ್ಲದ ಕಾಲದ ಹೋಟೆಲ್ ಅವಳು.

ಆ ಕಾಲದ ಪ್ರಯಾಣ ಸ್ವಲ್ಪ ಯೋಚಿಸಿ ನೋಡಿ. ಬುತ್ತಿ ಕಟ್ಕೊಂಡು ಹೊರಟ್ರೆ ಅದು ಒಂದು ದಿನ, ರೊಟ್ಟಿ ಆದ್ರೆ ಇನ್ನೆರಡು ದಿನ. ಆಮೇಲೆ? ದಾರೀಲಿ ಅರವಟ್ಟಿಗೆ ಇದ್ರೆ ನೀರು ಮಜ್ಜಿಗೆ ಸಿಗುತ್ತೆ, ದೊಡ್ಡ ಊರಾದ್ರೆ ಛತ್ರ ಇರುತ್ತೆ, ಛತ್ರದಲ್ಲಿ ಯಾರನ್ನ ಒಳಗೆ ಬಿಡ್ತಾರೆ ಯಾರನ್ನ ಬಿಡಲ್ಲ ಅನ್ನೋದು ಬೇರೆ ಕಥೆ. ಇವೆರಡೂ ಇಲ್ಲದ ಕಡೆ ಅಕ್ಕಿ ಬೇಳೆ ಕೈಗೆ ಕೊಟ್ಟು, ಮೇಲೊಂದು ಕಾಸು ಕೊಟ್ಟು, "ಅಮ್ಮಾ ಒಂದಿಷ್ಟು ಬೇಯಿಸಿ ಕೊಡು" ಅಂತ ಕೇಳ್ಕೋಬೇಕು. ಯಾವ ಮನೇಲಿ ಕೇಳ್ತೀರಿ, ಗಂಡ ಮಕ್ಕಳು ಇರೋ ಮನೇಲಿ ಹೊತ್ತಲ್ಲದ ಹೊತ್ತಲ್ಲಿ ಅಪರಿಚಿತ ಗಂಡಸು ಬಂದು ಕೂತ್ರೆ ಚೆನ್ನಾಗಿರಲ್ಲ. ಅಜ್ಜಿ ಆದ್ರೆ ಯಾರೂ ಏನೂ ಅನ್ನಲ್ಲ. ಅವಳಿಗೂ ಆ ಕಾಸು ಬೇಕು. ಉತ್ತರ ಕರ್ನಾಟಕದ ಹಳೇ ಖಾನಾವಳಿಗಳಲ್ಲಿ ಊಟ ಮಾಡಿದೋರಿಗೆ ಈ ವ್ಯವಸ್ಥೆಯ ವಾಸನೆ ಇನ್ನೂ ಗೊತ್ತಿರುತ್ತೆ, ಮುಂದಿನ ಕೋಣೇಲಿ ನಾಲ್ಕು ಮಣೆ, ಹಿಂದಿನ ಕೋಣೇಲಿ ರೊಟ್ಟಿ ಬಡಿಯೋ ಸದ್ದು, ಬಡಿಸುವಾಗ "ಯಾವೂರ್ರೀ ನಿಮ್ದು?" ಅನ್ನೋ ಪ್ರಶ್ನೆ.

ಆ ಪ್ರಶ್ನೆ ಇದ್ಯಲ್ಲ, ವಿಷಯದ ತಿರುಳು ಅಲ್ಲೇ ಇರೋದು. ದಿನಾ ನಾಲ್ಕು ಊರಿನ ಜನ ಬಂದು ಉಂಡು ಹೋಗೋ ಜಗಲಿ ಅಂದ್ರೆ ನಾಲ್ಕು ಊರಿನ ಸುದ್ದಿ ಬಂದು ಬೀಳೋ ಜಗಲಿ. ಯಾವ ದಾರೀಲಿ ಕಳ್ಳರ ಕಾಟ, ಯಾವ ಹೊಳೆ ತುಂಬಿದೆ, ಅರಮನೇಲಿ ಯಾರಿಗೆ ಹುಷಾರಿಲ್ಲ, ಎಲ್ಲ ಅವಳಿಗೆ ಗೊತ್ತು. ಕಥೆ ಕಟ್ಟೋ ನಮ್ಮ ಹಳ್ಳಿ ಹೆಂಗಸರು ಇದನ್ನ ಸರಿಯಾಗಿ ಗಮನಿಸಿ ಅವಳನ್ನ ಎತ್ಕೊಂಡು ಹೋಗಿ ಕಥೆಯೊಳಗೆ ಕೂರಿಸಿಬಿಟ್ರು.

ಈಗ ಆ ಕಥೆಗಳಲ್ಲಿ ಅವಳು ಏನ್ ಮಾಡ್ತಾಳೆ ನೋಡಿ, ತುಮಕೂರು ಸೀಮೆಯ ಒಂದು ಹಳ್ಳೀಲಿ ತುಂಬಾ ಹಿಂದೆ ನಾನು ಟೇಪ್ ರೆಕಾರ್ಡರ್ ಇಟ್ಕೊಂಡು ಕೇಳಿದ ಕಥೇನೇ ಹೇಳ್ತೀನಿ, ಪೂರ್ತಿ ಹೇಳಿದ್ರೆ ಬೆಳಗಾಗುತ್ತೆ, ಅಜ್ಜಿ ಬರೋ ಭಾಗ ಮಾತ್ರ. ಹೇಳಿದವಳೂ ಮುದುಕೀನೇ, ಹುಣಸೆಹಣ್ಣಿನ ಬೀಜ ಬಿಡಿಸ್ತಾ ಕೂತಿದ್ಲು. ಶುರು ಮಾಡೋಕೆ ಮುಂಚೆನೇ "ಹೂಂಗುಟ್ಬೇಕು, ಇಲ್ದಿದ್ರೆ ಹೇಳಾಕಿಲ್ಲ" ಅಂದ್ಲು. ನಾನು ಯಂತ್ರ ಇದ್ಯಲ್ಲ ಅಂದೆ. "ಅದು ಹೂಂ ಅಂತದಾ?" ಅಂದ್ಲು. ಸರಿ, ಹೂಂ ಅನ್ನೋದು ನನ್ನ ಕೆಲಸ ಆಯ್ತು.

ಒಬ್ಬ ರಾಜನ ಮಗ. ಅಪ್ಪನ ಹತ್ರ ಜಗಳ ಆಡ್ಕೊಂಡು ಮನೆ ಬಿಟ್ಟ. ಹೂಂ. ನಡ್ದ ನಡ್ದ, ಹೊತ್ತು ಮುಳುಗೋ ಹೊತ್ಗೆ ಒಂದು ಪಟ್ಣ ಸಿಗ್ತು. ಹೂಂ. ಪಟ್ಣದ ಬಾಗ್ಲಲ್ಲಿ ಒಂದು ಗುಡ್ಲು, ಗುಡ್ಲಲ್ಲಿ ಅಡಗೂಲಜ್ಜಿ. ಒಂದು ವರಾ ಕೊಟ್ಟು ಅಜ್ಜೀ ಅನ್ನ ಮಾಡಿಕ್ಕು ಅಂದ. (ವರಾ ಅಂದ್ರೆ ವರಹ, ಹಳೇ ಚಿನ್ನದ ನಾಣ್ಯ. ಒಂದು ಹೊತ್ತಿನ ಅನ್ನಕ್ಕೆ ಚಿನ್ನದ ನಾಣ್ಯ ಕೊಡೋದು ರಾಜಕುಮಾರರು ಮಾತ್ರ.) ಅಜ್ಜಿ ಒಲೆ ಹಚ್ಚಿದ್ಲು, ಎಸರಿಟ್ಲು, ಅಕ್ಕಿ ಹಾಕ್ತಾ ಹಾಕ್ತಾ ಒಂದು ಕಣ್ಣಲ್ಲಿ ಅಳ್ತಾಳೆ ಒಂದು ಕಣ್ಣಲ್ಲಿ ನಗ್ತಾಳೆ. ಯಾಕಜ್ಜಿ ಅಂದ್ರೆ, ನೀನು ಬಂದಿದ್ದಕ್ಕೆ ನಗು ಮಗ, ನಾಳೆ ನನ್ನ ಮೊಮ್ಮಗನ ಸರದಿ ಅದಕ್ಕೆ ಅಳು. ಏನ್ ಸರದಿ? ಊರಾಚೆ ಗುಡ್ಡದಲ್ಲಿ ರಾಕ್ಷಸ ಅವ್ನೆ, ದಿನಾ ಒಂದು ಬಂಡಿ ಅನ್ನ, ಎರಡು ಕೋಣ, ಮನೆಗೊಬ್ಬ ಆಳು. ಹೂಂ.

ಮುಂದಿನದ್ದು ನಿಮಗೆ ಗೊತ್ತೇ ಇರುತ್ತೆ. ರಾಜಕುಮಾರ ಮೊಮ್ಮಗನ ಬದಲು ಹೋಗ್ತಾನೆ, ರಾಕ್ಷಸನ್ನ ಕೊಲ್ತಾನೆ, ನಾಲಿಗೆ ಕುಯ್ದು ಸೆರಗಲ್ಲಿ ಕಟ್ಕೋತಾನೆ, ಬೇರೆ ಯಾವನೋ ತಲೆ ತಗೊಂಡು ಹೋಗಿ ನಾನೇ ಕೊಂದಿದ್ದು ಅಂತ ರಾಜನ ಮಗಳನ್ನ ಕೇಳ್ತಾನೆ, ಕೊನೆಗೆ ನಾಲಿಗೆ ತೋರಿಸಿ ನಿಜ ಹೊರಬೀಳುತ್ತೆ. ಈ ನಾಲಿಗೆಯ ಸಾಕ್ಷಿ ಯೂರೋಪಿನ ಡ್ರ್ಯಾಗನ್ ಕಥೆಗಳಲ್ಲೂ ಹೀಗೆ ಇದ್ದ ಹಾಗೆ ಇದೆ, ಅನ್ನ ತುಂಬಿದ ಬಂಡಿ ಮತ್ತೆ ಮನೆಗೊಬ್ಬರ ಸರದಿ ಮಹಾಭಾರತದ ಏಕಚಕ್ರಪುರದ್ದು, ಬಕಾಸುರನ್ನ ಭೀಮ ಕೊಂದಿದ್ದು. ಅಲ್ಲೂ ಬೇರೆ ಊರಿನೋರು ಬಂದು ಒಬ್ಬರ ಮನೇಲಿ ಇಳ್ಕೊಂಡಿರ್ತಾರೆ, ಆ ಮನೆಯೋರ ಅಳು ಕೇಳಿಸ್ಕೊಂಡೇ ಕುಂತಿಗೆ ವಿಷಯ ಗೊತ್ತಾಗೋದು. ಆದ್ರೆ ಅಲ್ಲಿ ಅಡಗೂಲಜ್ಜಿ ಇಲ್ಲ, ಬ್ರಾಹ್ಮಣನ ಸಂಸಾರ ಇದೆ. ನಮ್ಮ ಹಳ್ಳಿ ಕಥೇಲಿ ಆ ಜಾಗಕ್ಕೆ ಅಜ್ಜಿ ಬಂದ್ಲು, ಬಂದೋಳು ಜಾತಿ ಹೇಳ್ಲಿಲ್ಲ. ನಾನು ಕೇಳಿರೋ ಯಾವ ಕಥೇಲೂ ಅವಳಿಗೆ ಹೆಸರಿಲ್ಲ, ಜಾತಿ ಇಲ್ಲ, ಗಂಡ ಯಾರಾಗಿದ್ದ ಅಂತ ಇಲ್ಲ. ನಿಜವಾದ ದಾರೀಲಿ ಯಾರ ಕೈಯಿನ ಅನ್ನ ಅಂತ ಕೇಳದೆ ಉಣ್ಣೋರು ಎಷ್ಟು ಜನ ಇದ್ರು ಹೇಳಿ? ಕಥೆಯ ರಾಜಕುಮಾರ ಕೇಳಲ್ಲ, ಹಸಿವಾಗಿದೆ, ಉಣ್ತಾನೆ. ಹೇಳಿದವಳಿಗೆ ಇದು ಬೇಕಂತಾನೇ ಬಿಟ್ಟಿದ್ದಾ ಅಂತ ಕೇಳ್ಬೇಕು ಅನ್ಸಿತ್ತು, ಕೇಳ್ಲಿಲ್ಲ.

ಈಗ ವಿಚಿತ್ರ ನೋಡಿ. ಈ ಕಥೇಲಿ ಸುಳ್ಳು ಹೇಳೋರು ತುಂಬಾ ಜನ ಇದ್ದಾರೆ. ತಲೆ ತಗೊಂಡು ಹೋದೋನು ಸುಳ್ಳ, ಮಂತ್ರಿ ಸುಳ್ಳ, ರಾಜಾನೂ ಅರ್ಧ ರಾಜ್ಯ ಕೊಡ್ತೀನಿ ಅಂದು ಕೊನೇಲಿ ಮೀನಾಮೇಷ ಎಣಿಸ್ತಾನೆ. ಒಂದು ಸಲಾನೂ ಸುಳ್ಳು ಹೇಳದೆ ಇರೋದು ಅಡಗೂಲಜ್ಜಿ ಒಬ್ಬಳೇ. ಅವಳು ಬಡಗಣ ದಿಕ್ಕಿಗೆ ಹೋಗ್ಬೇಡ ಅಂದ್ರೆ ಅಲ್ಲಿ ಅಪಾಯ ಇದ್ದೇ ಇರುತ್ತೆ, ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಣೀಲಿದೆ ಅಂದ್ರೆ ಗಿಣೀಲೇ ಇರುತ್ತೆ. ಅವಳ ಮಾತು ಸುಳ್ಳಾದ್ರೆ ಕಥೆ ಮುಂದೆ ಹೋಗೋದೇ ಇಲ್ಲ. ವ್ಲಾದಿಮಿರ್ ಪ್ರಾಪ್ ಅನ್ನೋ ರಷ್ಯಾದ ವಿದ್ವಾಂಸ 1928ರಲ್ಲಿ ಅಲ್ಲಿನ ಮಾಯಾಕಥೆಗಳನ್ನ ಬಿಡಿಸಿ ನೋಡಿ, ಎಷ್ಟೇ ಕಥೆ ಇದ್ರೂ ಪಾತ್ರಗಳು ಏಳೇ ಥರ, ಅದರಲ್ಲಿ ಒಂದು ದಾನಿ, ಅಂದ್ರೆ ನಾಯಕನಿಗೆ ಬೇಕಾದ ವಸ್ತುನೋ ಸಹಾಯಾನೋ ಒದಗಿಸೋ ಪಾತ್ರ ಅಂದ. ಅಲ್ಲಿ ಆ ಜಾಗದಲ್ಲಿ ಎಷ್ಟೋ ಸಲ ಇರೋದು ಬಾಬಾ ಯಗಾ ಅನ್ನೋ ಮುದುಕಿ, ಕೋಳಿ ಕಾಲಿನ ಮೇಲೆ ನಿಂತಿರೋ ಗುಡಿಸಲು ಅವಳದ್ದು. ಅವಳು ಮನುಷ್ಯರನ್ನ ತಿನ್ನೋಳು ಕೂಡ, ಆದ್ರೆ ಜಾಣ ನಾಯಕ ಒಳಗೆ ಹೋಗಿ "ಮೊದ್ಲು ಊಟ ಹಾಕು, ಆಮೇಲೆ ಪ್ರಶ್ನೆ ಕೇಳು" ಅಂತಾನೆ, ಅವಳು ಹಾಕ್ತಾಳೆ! ಲೋಕದ ಕಥೆಗಳ ಸಣ್ಣ ಸಣ್ಣ ಅಂಶಗಳಿಗೆಲ್ಲ ನಂಬರ್ ಕೊಟ್ಟ ಸ್ಟಿತ್ ಥಾಂಪ್ಸನ್ ಅವರ ಸೂಚೀಲಿ ಸಹಾಯ ಮಾಡೋ ಮುದುಕಿಗೆ ಎನ್ 825.3 ಅಂತ ನಂಬರ್ ಇದೆ. ನಮ್ಮ ಅಡಗೂಲಜ್ಜೀನ ಅದರಡಿ ಹಾಕಬಹುದು, ಆದ್ರೆ ಒಂದು ವ್ಯತ್ಯಾಸ ಮುಚ್ಚಿ ಹೋಗುತ್ತೆ. ಬಾಬಾ ಯಗಾ ಮಾಟಗಾತಿ, ನಮ್ಮೋಳು ಮಾಟಗಾತಿ ಅಲ್ಲ, ದುಡಿಯೋಳು. ಅವಳ ಹತ್ರ ಇರೋ ಮಾಯೆ ಅಂದ್ರೆ ಸುದ್ದಿ, ಆ ಸುದ್ದಿ ಬಂದಿದ್ದು ಅನ್ನ ಬೇಯಿಸಿದ್ದಕ್ಕೆ.

ಕಥೆಯೊಳಗೆ ಅಷ್ಟು ನಂಬಿಕಸ್ಥೆ ಆಗಿರೋಳು ಕಥೆಯಿಂದ ಹೊರಗೆ ಬಂದ ತಕ್ಷಣ ಸುಳ್ಳಿಗೆ ಇನ್ನೊಂದು ಹೆಸರು ಆಗಿದ್ದು ಹೇಗೆ? ನನ್ನ ಓದು ಹೀಗಿದೆ. ಕನ್ನಡದಲ್ಲಿ ಇಂಥೋರ ಕಥೆ ಅಂದ್ರೆ ಎರಡು ಅರ್ಥ ಬರುತ್ತೆ. ಗುಬ್ಬಕ್ಕನ ಕಥೆ ಅಂದ್ರೆ ಗುಬ್ಬಕ್ಕ ಹೇಳಿದ್ದಲ್ಲ, ಗುಬ್ಬಕ್ಕ ಬರೋ ಕಥೆ. ಅಜ್ಜಿ ಕಥೆ ಅಂದ್ರೆ ಅಜ್ಜಿ ಹೇಳೋ ಕಥೆ. ಅಡಗೂಲಜ್ಜಿ ಕಥೆ ಮೊದಲನೇ ಗುಂಪಿಗೆ ಸೇರಿದ್ದು, ಅವಳು ಬರೋ ಥರದ ಕಥೆ, ರಾಜ ರಾಣಿ ರಾಕ್ಷಸ ಏಳು ಸಮುದ್ರದ ಕಥೆ, ಅಂತ ಗುರುತು. ಇಂಥ ಕಥೆ ನಡೆದಿದ್ದು ಅಂತ ಹೇಳಿದವರೂ ನಂಬಲ್ಲ ಕೇಳಿದವರೂ ನಂಬಲ್ಲ, ಹಾಗಾಗಿ "ನೀನು ಹೇಳ್ತಿರೋದು ಅಡಗೂಲಜ್ಜಿ ಕಥೆ ಥರ ಇದೆ" ಅಂದ್ರೆ ನಡೆಯದ್ದು ಹೇಳ್ತಿದ್ದೀಯ ಅಂತ. ಕಾಲ ಕಳೀತಾ ಕಳೀತಾ ಅಡುಗೂಲಿ ಅನ್ನೋ ಕೆಲಸಾನೇ ಹೋಯ್ತು, ಹೋಟೆಲ್ ಬಂತು, ಪದದ ಅರ್ಥ ಮರೆತುಹೋಯ್ತು, ಉಳಿದಿದ್ದು ಅಜ್ಜಿ ಅನ್ನೋ ತುಂಡು ಮಾತ್ರ. ಅಜ್ಜಿ ಅಂದ್ಮೇಲೆ ಕಥೆ ಹೇಳೋಳೇ ಇರಬೇಕು ಅಂತ ಜನ ಅಂದ್ಕೊಂಡ್ರು. ಪಾತ್ರವಾಗಿದ್ದೋಳು ನಿರೂಪಕಿ ಆದ್ಲು, ಜೊತೆಗೆ ಆ ಕಥೆಯ ಸುಳ್ಳೆಲ್ಲ ಅವಳ ತಲೆಗೇ ಬಂತು.

ಇದು ಅವಳೊಬ್ಬಳಿಗೆ ಆಗಿರೋ ಅನ್ಯಾಯ ಅಂತಾನೂ ಅನ್ಕೋಬೇಡಿ. ಕಥೆಗೆ ಸಂಬಂಧಪಟ್ಟ ಪದ ಯಾವುದು ಸಿಕ್ಕಿದ್ರೂ ನಾವು ಕನ್ನಡಿಗರು ಅದನ್ನ ಬೈಗುಳ ಮಾಡಿದೀವಿ. "ನಿನ್ ಪುರಾಣ ಸಾಕು", "ಹರಿಕಥೆ ಹೊಡೀಬೇಡ", "ದೊಡ್ಡ ರಾಮಾಯಣ ಮಾಡ್ಬಿಟ್ಟ", "ನಾಟಕ ಆಡ್ತಾನೆ". ಬರೀ "ಕಥೆ ಕಟ್ಟಬೇಡ" ಅಂದ್ರೂ ಸಾಕು. ಇಡೀ ರಾತ್ರಿ ನಿದ್ದೆಗೆಟ್ಟು ಬಯಲಾಟ ನೋಡೋ ಜನ, ಬೆಳಗ್ಗೆ ಎದ್ದು ಹೆಂಡ್ತಿಗೆ "ಆಟ ಕಟ್ಟಬೇಡ" ಅಂತಾರೆ! ಆದ್ರೆ ಒಂದೊಂದು ಪದದ ಏಟು ಒಂದೊಂದು ಥರ. ಪುರಾಣ ಅಂದ್ರೆ ಉದ್ದ ಜಾಸ್ತಿ ಆಯ್ತು ಅಂತ, ನಾಟಕ ಅಂದ್ರೆ ಮೋಸ ಅಂತ. ಅಡಗೂಲಜ್ಜಿ ಕಥೆ ಅಂದ್ರೆ ಮೋಸ ಅಂತಲ್ಲ, ಕಿವಿಗೆ ಹೂ ಇಡೋಕೆ ಬರ್ಬೇಡ ಅಂತ, ಹೇಳಿದ್ದು ಮಕ್ಕಳಿಗೆ ಸರಿ ದೊಡ್ಡೋರಿಗೆ ಸಾಲದು ಅಂತ. ನಿಮ್ಮ ಮ್ಯಾನೇಜರ್ ನಿಮ್ಮನ್ನ ಮೋಸಗಾರ ಅಂದಿಲ್ಲ, ಆ ಮಟ್ಟಿಗೆ ಸಮಾಧಾನ ಮಾಡ್ಕೊಳ್ಳಿ.

ಅಕ್ಕಪಕ್ಕದ ಭಾಷೆಗಳಲ್ಲೂ ಇವಳ ಅಕ್ಕ ತಂಗೀರು ಇದ್ದಾರೆ. ತೆಲುಗಿನಲ್ಲಿ ಪೇದರಾಶಿ ಪೆದ್ದಮ್ಮ, ಅವಳ ಮನೇಲೂ ರಾಜಕುಮಾರರು ಬಂದು ಇಳ್ಕೋತಾರೆ, ಪೇದರಾಶಿ ಪೆದ್ದಮ್ಮ ಕಥಲು ಅಂದ್ರೆ ನಮ್ಮ ಅಜ್ಜಿ ಕಥೆಗಳೇ. ತಮಿಳು ಮಕ್ಕಳಿಗೆ ಮೊದಲು ಹೇಳೋ ಕಥೆ ವಡೆ ಸುಡೋ ಪಾಟಿಯದ್ದು, ಕಾಗೆ ವಡೆ ಕದ್ಕೊಂಡು ಹೋಗೋದು, ನೋಡಿ ಅಲ್ಲೂ ಅಜ್ಜಿ ಒಲೆ ಮುಂದೇನೇ, ಅಲ್ಲೂ ದುಡ್ಡಿಗೆ ಮಾರೋಳೇ. ಮರಾಠಿಯವರು ಮಾತ್ರ ಅಜ್ಜೀನ ಬಿಟ್ಟು ಹಸುಗೆ ಹೋದ್ರು, ಟೊಳ್ಳು ಕಥೆಗೆ ಭಾಕಡಕಥಾ ಅಂತಾರೆ, ಭಾಕಡ ಅಂದ್ರೆ ಹಾಲು ಬತ್ತಿದ ಹಸು.

ದೂರದ ದೇಶಗಳಿಗೆ ಹೋದ್ರೂ ಮುದುಕೀರ ಗತಿ ಇದೇ. ಗ್ರೀಸಿನ ಪ್ಲೇಟೋ ಬರೆದ ಗೋರ್ಗಿಯಸ್ ಅನ್ನೋ ಸಂವಾದದ ಕೊನೇಲಿ ಸಾಕ್ರೆಟಿಸ್ ಸತ್ತವರ ಲೋಕದ ಒಂದು ಕಥೆ ಹೇಳಿ, ಇದನ್ನ ನೀನು ಮುದುಕಿ ಹೇಳೋ ಕಥೆ ಅಂತ ತಳ್ಳಿಹಾಕ್ತೀಯೇನೋ ಅಂತಾನೆ. ಅಂದ್ರೆ ಸುಮಾರು ಎರಡು ಸಾವಿರದ ನಾನೂರು ವರ್ಷದ ಹಿಂದೇನೇ ಈ ಮಾತು ಹಳೇದಾಗಿತ್ತು. ಇಂಗ್ಲಿಷಿನೋರು ಹೇಳೋ ಓಲ್ಡ್ ವೈವ್ಸ್ ಟೇಲ್ ಕೂಡ ಇದೇ, ಅಲ್ಲಿ ವೈಫ್ ಅಂದ್ರೆ ಹೆಂಡತಿ ಅಲ್ಲ, ಹಳೇ ಇಂಗ್ಲಿಷಲ್ಲಿ ಬರೀ ಹೆಂಗಸು ಅಂತ ಅರ್ಥ, ಸೂಲಗಿತ್ತಿಗೆ ಮಿಡ್‌ವೈಫ್ ಅಂತಾರಲ್ಲ ಹಾಗೆ. ಆದ್ರೆ ಅವರು ಆ ಮಾತನ್ನ ಜಾಸ್ತಿ ಬಳಸೋದು ಔಷಧಿ, ಬಸಿರು, ಬಾಣಂತನ, ಹವಾಮಾನದ ಬಗ್ಗೆ ಇರೋ ಹಳೇ ನಂಬಿಕೆಗಳಿಗೆ. ನಾವು ಹಾಗಲ್ಲ. ಅಜ್ಜಿ ಮದ್ದು ಅಂದ್ರೆ ನಮಗೆ ಮರ್ಯಾದೆ, ಕೆಮ್ಮು ಬಂದ್ರೆ ಕಾಳುಮೆಣಸಿನ ಕಷಾಯ ಕಣ್ಮುಚ್ಚಿ ಕುಡೀತೀವಿ, ಅಜ್ಜಿ ಕಥೆಗೆ ಮಾತ್ರ ಮರ್ಯಾದೆ ಇಲ್ಲ. ಹೊಟ್ಟೆಗೆ ನಂಬ್ತೀವಿ, ಕಿವಿಗೆ ನಂಬಲ್ಲ.

ನನಗೆ ತುಂಬಾ ಇಷ್ಟದ ಜಾಗ ಒಂದಿದೆ, ಅಡಗೂಲಜ್ಜಿ ರೋಮಿನ ಸಾಹಿತ್ಯದಲ್ಲಿ ಬಂದು ಕೂತಿರೋದು. ಎರಡನೇ ಶತಮಾನದ ಅಪುಲಿಯಸ್ ಅನ್ನೋನು ಲ್ಯಾಟಿನ್‌ನಲ್ಲಿ ಬರೆದ ಒಂದು ಕಾದಂಬರಿ, ಅದರ ನಾಯಕ ಮಾಟದಿಂದ ಕತ್ತೆ ಆಗ್ಬಿಟ್ಟಿರ್ತಾನೆ. ಕಳ್ಳರು ಮದುವೆ ದಿನಾನೇ ಒಬ್ಬ ಹುಡುಗೀನ ಎತ್ಕೊಂಡು ಬಂದು ಗವಿಯಲ್ಲಿ ಇಡ್ತಾರೆ. ಆ ಗವೀಲಿ ಕಳ್ಳರಿಗೆ ಅಡುಗೆ ಮಾಡಿ ಹಾಕೋಕೆ ಒಬ್ಬ ಮುದುಕಿ. ಹುಡುಗಿ ಕೆಟ್ಟ ಕನಸು ಕಂಡು ಅಳ್ತಾಳೆ, ಮುದುಕಿ "ಇರು ಮಗಳೆ, ಮುದುಕೀರ ಕಥೆ ಒಂದು ಹೇಳ್ತೀನಿ" ಅನ್ನೋ ಅರ್ಥದಲ್ಲಿ ಶುರು ಮಾಡ್ತಾಳೆ. ಅವಳು ಹೇಳೋದು ಪ್ರೇಮದೇವತೆ ಕ್ಯೂಪಿಡ್ ಮತ್ತೆ ಸೈಕಿ ಅನ್ನೋ ಹುಡುಗಿಯ ಕಥೆ. ಆಮೇಲಿನ ಯೂರೋಪಿನ ಎಷ್ಟೋ ಚಿತ್ರಕಾರರು ಶಿಲ್ಪಿಗಳು ಕೆಲಸ ಮಾಡಿದ್ದು ಆ ಕಥೆ ಮೇಲೆ. ಅದೆಲ್ಲ ಶುರುವಾಗಿದ್ದು ಕಳ್ಳರ ಅಡುಗೆಯವಳ ಬಾಯಿಂದ. ಪಕ್ಕದಲ್ಲಿ ಕಟ್ಟಿಹಾಕಿದ್ದ ಕತ್ತೆ ಪೂರ್ತಿ ಕಥೆ ಕೇಳಿಸ್ಕೊಂಡು, ಅಯ್ಯೋ ಇಷ್ಟು ಚಂದದ ಕಥೆ ಬರೆದಿಟ್ಕೊಳ್ಳೋಕೆ ನನ್ನ ಹತ್ರ ಹಲಗೆ ಬರೆಕಡ್ಡಿ ಇಲ್ವಲ್ಲ ಅಂತ ಒದ್ದಾಡುತ್ತೆ, ಜೊತೇಲೇ ಆ ಮುದುಕಿ ಕುಡುಕಿ ಅಂತ ಬೈಯುತ್ತೆ. ಜನಪದ ಸಂಗ್ರಹ ಮಾಡೋಕೆ ಹೋಗೋ ನಮ್ಮಂಥೋರ ಮೊದಲ ಚಿತ್ರ ಅದೇ ಕತ್ತೆ ಅಂತ ನಾನು ಸ್ಟೂಡೆಂಟ್ಸ್‌ಗೆ ಹೇಳ್ತಿದ್ದೆ.

ಜನಪದ ಕಥೆ ಸಂಗ್ರಹಿಸಿ ಪುಸ್ತಕ ಮಾಡಿದ ಜರ್ಮನಿಯ ಗ್ರಿಮ್ ಸಹೋದರರ ವಿಷಯಾನೂ ಹಾಗೇ. ಅವರಿಗೆ ಬಹಳ ಕಥೆ ಕೊಟ್ಟವಳು ಡೊರೋಥಿಯಾ ಫೀಮನ್, ಕಾಸೆಲ್ ಹತ್ರದ ತರಕಾರಿ ಮಾರೋ ಹೆಂಗಸು. ಅವಳ ಅಪ್ಪ ದಾರಿ ಪಕ್ಕ ಒಂದು ತಂಗುಮನೆ ನಡೆಸ್ತಿದ್ದ, ಬರೋ ಹೋಗೋ ಗಾಡಿಯವರು ಸಿಪಾಯಿಗಳ ಬಾಯಿಂದ ಕೇಳಿ ಕೇಳಿ ಅವಳು ಬೆಳೆದಿದ್ದು. 1819ರ ಆವೃತ್ತೀಲಿ ಅವಳ ಚಿತ್ರಾನೇ ಹಾಕಿದ್ರು. ಊಟದ ಮನೆ, ದಾರಿ, ಕಥೆ, ಮತ್ತೆ ಅದೇ ಮೂರು ಕಲ್ಲಿನ ಒಲೆ.

ನಮ್ಮಲ್ಲಿ ಈ ಅಡುಗೆಮನೆ ಕಥೆಗಳಿಗೆ ಬೆಲೆ ಕೊಟ್ಟು ಕೂತು ಕೇಳಿದವರು ಅಂದ್ರೆ ಎ.ಕೆ. ರಾಮಾನುಜನ್. ಮೈಸೂರಲ್ಲಿ ಹುಟ್ಟಿ, ಬೆಳಗಾವೀಲಿ ಪಾಠ ಮಾಡಿ, ಆಮೇಲೆ ಷಿಕಾಗೋಗೆ ಹೋದೋರು, ಅವರು ಸಂಗ್ರಹಿಸಿದ ಕನ್ನಡ ಹೆಂಗಸರ ಕಥೆಗಳು ಅವರು ತೀರಿಹೋದ ಮೇಲೆ 1997ರಲ್ಲಿ ಇಂಗ್ಲಿಷಲ್ಲಿ ಪುಸ್ತಕ ಆಗಿ ಬಂತು. ಅವರಿಗೆ ಸಿಕ್ಕಿದ ಒಂದು ಕನ್ನಡ ಕಥೆ ನಿಮ್ಮ ಮಗಳಿಗೆ ಇವತ್ತೇ ಹೇಳಬಹುದು. ಒಬ್ಬ ಹೆಂಗಸಿಗೆ ಒಂದು ಕಥೆ ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳ್ತಿರಲಿಲ್ಲ. ಒಳಗೇ ಇದ್ದು ಇದ್ದು ಉಸಿರು ಕಟ್ಟಿ, ಅವಳು ಬಾಯಿ ತೆಕ್ಕೊಂಡು ಮಲಗಿದ್ದಾಗ ಕಥೆ ಈಚೆ ಬಂದು ಒಂದು ಜೊತೆ ಚಪ್ಪಲಿ ಆಯ್ತು, ಹಾಡು ಒಂದು ಗಂಡಸಿನ ಕೋಟಾಯ್ತು. ಗಂಡ ಬಂದು ನೋಡಿ ಯಾರು ಬಂದಿದ್ರು ಅಂದ, ಇವಳಿಗೂ ಗೊತ್ತಿಲ್ಲ, ಜಗಳ ಆಯ್ತು, ಅವನು ಕಂಬಳಿ ತಗೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ ಆರಿದ ಮೇಲೆ ಜ್ಯೋತಿಗಳು ಅದೇ ಗುಡೀಲಿ ಸೇರಿ ಹರಟೆ ಹೊಡೀತವೆ, ಇವನ ಮನೆ ಜ್ಯೋತಿ ಲೇಟಾಗಿ ಬಂದು ಯಾಕೆ ಲೇಟು ಅಂತ ಪೂರ್ತಿ ಹೇಳುತ್ತೆ. ಗಂಡ ಮನೆಗೆ ಓಡಿ ಬಂದು ನಿನ್ನ ಕಥೆ ಯಾವುದು ಹೇಳು ಅಂದ್ರೆ, ಯಾವ ಕಥೆ, ಯಾವ ಹಾಡು ಅಂತಾಳೆ, ಅವಳಿಗೆ ಮರೆತೇ ಹೋಗಿರುತ್ತೆ. ಗಿರೀಶ ಕಾರ್ನಾಡರ ನಾಗಮಂಡಲ ನಾಟಕದಲ್ಲಿ ರಾತ್ರಿ ಗುಡಿಗೆ ಬರೋ ಜ್ಯೋತಿಗಳು ಇಲ್ಲಿಂದ ಹೋದವೇ. ಲೇಟಾಗಿ ಬಂದಿದ್ದಕ್ಕೆ ಕೊಟ್ಟ ಕಾರಣಾನೇ ಕಥೆ ಆಯ್ತಲ್ಲ, ನಿಮ್ಮ ಮ್ಯಾನೇಜರ್‌ಗೂ ಬೇಕಾದ್ರೆ ಹೇಳಿ ನೋಡಿ.

ಸ್ಪೆಲ್ಲಿಂಗ್ ಕೇಳಿದ್ರಿ. ಮೂಲದ ಪ್ರಕಾರ ಅಡುಗೂಲಜ್ಜಿ. ಮಾತಲ್ಲಿ ನಡುವಿನ ಉಕಾರ ಸವೆದು ಅಡಗೂಲಜ್ಜಿ ಆಗಿದೆ, ಧಾರವಾಡದ ಕಡೆ ಅಡುಗೆ ಅಡಗಿ ಆಗೋ ಥರ. ಎರಡೂ ಬರೀಬಹುದು, ತಪ್ಪು ಅಂತ ಯಾರಾದ್ರೂ ಕೆಂಪು ಗೆರೆ ಎಳೆದ್ರೆ ನನ್ನ ಹೆಸರು ಹೇಳಿ.

ಆ ತುಮಕೂರು ಕಡೆ ಕಥೆ ಮುಗಿದ ಮೇಲೆ ನಾನೊಂದು ಪ್ರಶ್ನೆ ಕೇಳಿದ್ದೆ, ಅದೊಂದು ಹೇಳ್ಬಿಡ್ತೀನಿ. ರಾಜಕುಮಾರನಿಗೆ ಮದುವೆ ಆಯ್ತು, ಅರ್ಧ ರಾಜ್ಯ ಸಿಕ್ತು, ಸುಳ್ಳ ಸಿಕ್ಕಿಬಿದ್ದ, ಅಡಗೂಲಜ್ಜಿ ಸುದ್ದೀನೇ ಇಲ್ಲ. "ಅಲ್ಲಮ್ಮ, ಅವಳೇನಾದ್ಲು? ರಾಜ ಆದ್ಮೇಲೆ ಅವನು ಅವಳನ್ನ ಅರಮನೆಗೆ ಕರ್ಕೊಂಡು ಹೋಗ್ಲಿಲ್ವಾ?" ಅಂದೆ. ಆಯಮ್ಮ ಹುಣಸೆ ಬೀಜ ಒಂದು ಕಡೆ ಒಟ್ಟು ಮಾಡ್ತಾ, ಇದೂ ಒಂದು ಪ್ರಶ್ನೆನಾ ಅನ್ನೋ ಹಾಗೆ ನನ್ನ ಮುಖ ನೋಡಿದ್ಲು. "ಅವಳ್ಯಾಕೆ ಹೋಗ್ತಾಳೆ? ಅವತ್ತು ಸಂಜೆಗೇ ಇನ್ನೊಬ್ಬ ಬಂದ, ಎಸರಿಟ್ಲು" ಅಂದ್ಲು.